ವಿಂಡೋಸ್ ಬದಲಾಯಿತು, ಕನ್ನಡ ಎಲ್ಲಿತ್ತು?

ಹಳೆಯ ಡೆಸ್ಕ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸುವ ಮುನ್ನ ಏನು ಮಾಡಬೇಕೆಂದು ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ, "ಮೈ ಡಾಕ್ಯುಮೆಂಟ್ಸ್ ಕಾಪಿ ಮಾಡಿಟ್ಟುಕೊಳ್ಳಿ." ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಷ್ಟು ಸಾಕಿತ್ತು. ಕನ್ನಡದಲ್ಲಿ ಬರೆದವರಿಗೆ ಸಾಲಲಿಲ್ಲ. ಏಕೆಂದರೆ ಬಹಳ ವರ್ಷ ನಮ್ಮ ಬರಹದ ಅರ್ಧ ಭಾಗ ಮಾತ್ರ ಆ ಫೋಲ್ಡರಿನಲ್ಲಿರುತ್ತಿತ್ತು. ಉಳಿದರ್ಧ ಬೇರೆಲ್ಲೋ.

ಡಾಸ್ ಕಾಲದಲ್ಲಿ ಅದು ಇದ್ದದ್ದು ಡಬ್ಬಿಯೊಳಗೆ ಸಿಕ್ಕಿಸಿದ ಒಂದು ಕಾರ್ಡಿನಲ್ಲಿ. ಐಐಟಿ ಕಾನ್ಪುರದಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುತ್ತಿತ್ತು. ಅದರ ಹಿಂದಿದ್ದ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ 'ಕ' ಎಂಬುದಕ್ಕೆ 'ಕ' ಎಂದೇ ಒಂದು ಸಂಖ್ಯೆ ಇತ್ತು. ಅಚ್ಚುಕಟ್ಟಾದ ಯೋಚನೆ. ಆದರೆ ಕಾರ್ಡ್ ಇಲ್ಲದ ಯಂತ್ರದಲ್ಲಿ ಆ ಕಡತ ತೆರೆದರೆ ಕಾಣುತ್ತಿದ್ದುದು ಬರೀ ಗೀಚು.

ವಿಂಡೋಸ್ 95, 98 ಬಂದಾಗ ಬೇರೆ ಉಪಾಯ ಹುಟ್ಟಿತು, ನಮ್ಮ ಕಥೆಯ ಗಂಟು ಇರುವುದು ಇಲ್ಲೇ. ಆ ವಿಂಡೋಸ್‌ಗೆ ಕನ್ನಡ ಗೊತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ನುಡಿಯಲ್ಲಿ ನೀವು 'ಕ' ಎಂದು ಒತ್ತಿದರೆ ಕಡತದಲ್ಲಿ ಸೇರುತ್ತಿದ್ದುದು ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಇರುವ ಎ. ಈ ಎರಡನ್ನು ಸೇರಿಸಿ 'ಕ' ಎಂದು ಬಿಡಿಸುತ್ತಿದ್ದುದು ಫಾಂಟು. ಕಂಪ್ಯೂಟರಿನ ಲೆಕ್ಕಕ್ಕೆ ನಾವು ಕನ್ನಡದಲ್ಲಿ ಏನೂ ಬರೆದಿರಲೇ ಇಲ್ಲ.

ಇದನ್ನು ಹಗುರವಾಗಿ ಹೇಳುತ್ತಿಲ್ಲ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಇವಿಲ್ಲದಿದ್ದರೆ ಊರು ಬಿಟ್ಟು ಬಂದ ನನ್ನಂಥವರು ಆ ದಿನಗಳಲ್ಲಿ ಕನ್ನಡ ಟೈಪಿಸುತ್ತಲೇ ಇರಲಿಲ್ಲ. ಆದರೆ ಅಕ್ಷರ ಕೂರಿಸಿದ ಲೆಕ್ಕ ಎಲ್ಲೆಡೆ ಒಂದೇ ಇರಲಿಲ್ಲ, ಶ್ರೀಲಿಪಿಯದು ಬೇರೆ, ನುಡಿಯದು ಬೇರೆ. ಮತ್ತು ಫಾಂಟು ಕೂತದ್ದು ವಿಂಡೋಸ್‌ನ ಸ್ವಂತ ಫೋಲ್ಡರಿನಲ್ಲಿ, ಅಂದರೆ ಅಪ್‌ಗ್ರೇಡ್ ಮಾಡುವಾಗ ಎಲ್ಲರೂ ಅಳಿಸುವ ಜಾಗದಲ್ಲೇ.

2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಮೊದಲ ಸಲ ಕನ್ನಡವನ್ನು ಕನ್ನಡವೆಂದೇ ಗುರುತಿಸಿತು. ಯುನಿಕೋಡ್ ಸಂಕೇತ, ತುಂಗಾ ಎಂಬ ಫಾಂಟು. (ತೆಲುಗಿನವರಿಗೆ ಗೌತಮಿ. ಹೆಸರಿಟ್ಟವರಿಗೆ ನದಿಗಳ ಮೇಲೆ ಪ್ರೀತಿ ಇದ್ದಿರಬೇಕು.) ಆದರೆ ಅದು ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ ಸಂಕೀರ್ಣ ಲಿಪಿಗಳ ಆಯ್ಕೆಗೆ ಟಿಕ್ ಹಾಕಬೇಕು, ಆಗ ಅದು ಎಕ್ಸ್‌ಪಿ ಸೀಡಿ ಕೇಳುತ್ತಿತ್ತು. ಲ್ಯಾಮಿಂಗ್ಟನ್ ರೋಡಿನಲ್ಲೋ ರಿಚಿ ಸ್ಟ್ರೀಟಿನಲ್ಲೋ ನೆಹರೂ ಪ್ಲೇಸಿನಲ್ಲೋ ಜೋಡಿಸಿ ತಂದ ಯಂತ್ರಕ್ಕೆ ಸೀಡಿ ಎಲ್ಲಿಂದ? ಹೀಗಾಗಿ ಯುನಿಕೋಡ್ ಕೈಗೆ ಸಿಕ್ಕೂ ವರ್ಷಗಟ್ಟಲೆ ನಾವು ಹಳೆಯ ಫಾಂಟುಗಳಲ್ಲೇ ಉಳಿದೆವು.

98ರ ಮೇಲೇ ಎಕ್ಸ್‌ಪಿ ಏರಿಸಿದವರ ಫಾಂಟುಗಳು ಉಳಿದವು. ಪೆಟ್ಟು ಬಿದ್ದದ್ದು "ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿಕೊಡ್ತೀನಿ" ಎನ್ನುವ ಮೆಕ್ಯಾನಿಕ್ಕಿನ ಕೈಗೆ ಕೊಟ್ಟವರಿಗೆ. ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕಂತೂ ನೇರ ದಾರಿಯೇ ಇರಲಿಲ್ಲ, ಹೊಸದಾಗಿಯೇ ಹಾಕಬೇಕಿತ್ತು. ಫಾರ್ಮ್ಯಾಟ್ ಮಾಡದೆ ಹಾಕಿದರೆ ಹಳೆಯದೆಲ್ಲ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿಗೆ ಹೋಗುತ್ತಿತ್ತು, ಫಾಂಟುಗಳೂ ಅದರೊಳಗೇ. ಸ್ವಲ್ಪ ದಿನದ ಮೇಲೆ ಡಿಸ್ಕ್ ತುಂಬಿತೆಂದು ಅದನ್ನೂ ಅಳಿಸುತ್ತಿದ್ದರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ ಈ ಹಳೆಯ ವಿಷಯ ಮತ್ತೆ ಎದುರಾಯಿತು. ನನಗೆ ಪರಿಚಯದ ಒಂದು ಕನ್ನಡ ಸಂಘದ ಡೆಸ್ಕ್‌ಟಾಪಿನಲ್ಲಿ ಟಿಪಿಎಂ 2.0 ಇಲ್ಲ, ವಿಂಡೋಸ್ 11 ಅದನ್ನು ಕೇಳುತ್ತದೆ. ಲಿನಕ್ಸ್ ಹಾಕೋಣವೆಂದು ಮಾತಾಯಿತು. "ಎಲ್ಲಾ ಎರಡು ಪೆನ್‌ಡ್ರೈವಿನಲ್ಲಿದೆ, ನೀವು ಧೈರ್ಯವಾಗಿ ಹಾಕಿ ಸಾರ್," ಎಂದರು ಕಾರ್ಯದರ್ಶಿಗಳು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಡತ ತೆರೆದು ತೋರಿಸಿದೆ. ಓದಲಾಗದ ಯುರೋಪಿನ ಅಕ್ಷರಗಳು. ಅದು ಸಂಘದ ಹಿರಿಯರೊಬ್ಬರು ಊರಿನಿಂದ ರೈಲು ಹತ್ತಿ ಬಂದ ಕಥೆ, ಸ್ಮರಣ ಸಂಚಿಕೆಗೆ ಹೇಳಿ ಬರೆಸಿದ್ದು. ಅವರು ಈಗಿಲ್ಲ. ಮುದ್ರಿತ ಪ್ರತಿಯೂ ಯಾರ ಬಳಿಯೂ ಸಿಗಲಿಲ್ಲ.

ಆಫೀಸಿನಲ್ಲಿ ನನ್ನ ತಂಡಕ್ಕೆ ನಾನು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿದೆ: ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು? ಅದಕ್ಕೇ ಹಳೆಯ ಡಿಸ್ಕನ್ನು ಮುಟ್ಟಲಿಲ್ಲ. ಮೊದಲು ಅದೇ ಯಂತ್ರದಲ್ಲಿ, ಕನ್ನಡ ಇನ್ನೂ ಸರಿಯಾಗಿ ಕಾಣುತ್ತಿದ್ದಾಗಲೇ, ಪ್ರತಿ ಕಡತವನ್ನೂ ಪಿಡಿಎಫ್ ಮಾಡಿದೆವು, ಪಿಡಿಎಫ್ ತನ್ನೊಳಗೇ ಫಾಂಟನ್ನು ಇಟ್ಟುಕೊಳ್ಳುತ್ತದೆ. ಫಾಂಟ್ಸ್ ಫೋಲ್ಡರನ್ನೂ ಪೂರ್ತಿ ನಕಲಿಸಿಕೊಂಡೆವು. ವರ್ಡ್ ಕಡತ ತನ್ನ ಫಾಂಟಿನ ಹೆಸರನ್ನಾದರೂ ನೆನಪಿಟ್ಟಿರುತ್ತದೆ, ಸಾದಾ ಟೆಕ್ಸ್ಟ್ ಕಡತಕ್ಕೆ ಅದೂ ಇಲ್ಲ. ಅಂಥವನ್ನು ಒಂದೊಂದೇ ಫಾಂಟ್ ಹಾಕಿ ನೋಡಿ ಗುರುತಿಸಬೇಕಾಯಿತು. ಕೊನೆಗೆ ಹಳೆಯ ಡಿಸ್ಕ್ ಬಿಚ್ಚಿ, ಚೀಟಿ ಅಂಟಿಸಿ ಬೀರುವಿಗೆ. ಹೊಸ ಎಸ್‌ಎಸ್‌ಡಿಗೆ ಲಿನಕ್ಸ್.

ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳು ಬಹುಮಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತವೆ. ಅವು ಎಡವುವುದು ಕನ್ನಡದ ನಡುವೆ ಇಂಗ್ಲಿಷ್ ಪದ ಬಂದಾಗ. ಅದೂ ಹಳೆಯ ಕನ್ನಡವೇ ಎಂದು ತಿಳಿದು ವಿಚಿತ್ರ ಅಕ್ಷರಗಳನ್ನು ಮಾಡಿಡುತ್ತವೆ. ಮುಂಬೈ, ಪುಣೆಯ ನಮ್ಮ ಬರಹಗಳಲ್ಲಿ ಸಾಲಿಗೊಂದು ಇಂಗ್ಲಿಷ್ ಪದ ಇರುವುದರಿಂದ ಕೆಲಸ ಸಣ್ಣದಲ್ಲ.

ಯುನಿಕೋಡಿನಲ್ಲಿ ಬರೆದದ್ದಕ್ಕೆ ಈ ಭಯವಿಲ್ಲ. ವಿಂಡೋಸ್ 10ರಲ್ಲಿ ತುಂಗಾ ಬೇಕಾದವರು ಪ್ರತ್ಯೇಕವಾಗಿ ಹಾಕಿಕೊಳ್ಳುವ ಫಾಂಟಾಯಿತು. ಅದು ಇಲ್ಲದಿದ್ದರೂ ಕಡತ ನಿರ್ಮಲಾ ಫಾಂಟಿನಲ್ಲಿ ತೆರೆದುಕೊಳ್ಳುತ್ತದೆ, ಅಕ್ಷರದ ಚೆಲುವು ಬದಲಾದರೂ 'ಕ' 'ಕ'ವೇ. ರೈಲಿನ ಕಥೆ ಈಗ ಹಾಗೆ ತೆರೆಯುತ್ತದೆ. ಉಳಿದವನ್ನು ಸಂಘದ ಮೂವರು ಭಾನುವಾರಗಳಂದು ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ತಿದ್ದುತ್ತಿದ್ದಾರೆ.