ಬೊಕೆ (ಛಾಯಾಗ್ರಹಣ)

ಬೊಕೆ ಎಂಬುದು ಛಾಯಾಚಿತ್ರದಲ್ಲಿ ಫೋಕಸ್‌ನಿಂದ ಹೊರಗುಳಿದ ಭಾಗಗಳ, ಮುಖ್ಯವಾಗಿ ಹಿನ್ನೆಲೆಯ, ಮಸುಕಿನ ಗುಣವಾಗಿದೆ. ಮಸುಕು ಎಷ್ಟಿದೆ ಎಂಬುದಕ್ಕಿಂತ ಅದು ಕಣ್ಣಿಗೆ ಹೇಗೆ ತೋರುತ್ತದೆ ಎಂಬುದನ್ನು ಈ ಪದವು ಸೂಚಿಸುತ್ತದೆ. 'ಮಬ್ಬು' ಎಂಬ ಅರ್ಥವುಳ್ಳ ಜಪಾನೀ ಪದವು ಇದರ ಮೂಲ. 1997ರಲ್ಲಿ ಅಮೆರಿಕದ 'ಫೋಟೊ ಟೆಕ್ನಿಕ್ಸ್' ನಿಯತಕಾಲಿಕವು ಈ ಕುರಿತು ಲೇಖನಗಳನ್ನು ಪ್ರಕಟಿಸಿದ ಬಳಿಕ ಪದವು ಜಪಾನಿನ ಹೊರಗೂ ಪ್ರಚಾರಕ್ಕೆ ಬಂದಿತು.

ಉಂಟಾಗುವ ಬಗೆ

ಫೋಕಸ್ ಮಾಡಿದ ದೂರದಲ್ಲಿರುವ ಬಿಂದುವು ಚಿತ್ರದಲ್ಲಿ ಬಿಂದುವಾಗಿಯೇ ಮೂಡುತ್ತದೆ. ಅದರ ಹಿಂದೆ ಅಥವಾ ಮುಂದೆ ಇರುವ ಬಿಂದುವು ಬಿಲ್ಲೆಯಂತೆ ಹರಡಿಕೊಳ್ಳುತ್ತದೆ. ಇಂತಹ ಅಸಂಖ್ಯ ಬಿಲ್ಲೆಗಳು ಒಂದರ ಮೇಲೊಂದು ಬಿದ್ದು ಮಸುಕು ಉಂಟಾಗುತ್ತದೆ.

ಬಿಲ್ಲೆಯ ಗಾತ್ರವು ಮಸೂರದ ದ್ಯುತಿರಂಧ್ರದ ವ್ಯಾಸವನ್ನೂ ವಸ್ತು ಮತ್ತು ಹಿನ್ನೆಲೆಗಳ ದೂರವನ್ನೂ ಅವಲಂಬಿಸಿದೆ. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಈ ವ್ಯಾಸ ದೊರೆಯುತ್ತದೆ:

- 50 ಮಿ.ಮೀ. ಮಸೂರ, ಎಫ್ 8: ಸುಮಾರು 6 ಮಿ.ಮೀ.
- 50 ಮಿ.ಮೀ. ಮಸೂರ, ಎಫ್ 1.8: ಸುಮಾರು 28 ಮಿ.ಮೀ.
- 200 ಮಿ.ಮೀ. ಮಸೂರ, ಎಫ್ 4: 50 ಮಿ.ಮೀ.

ಬಹುದೂರದ ದೀಪವೊಂದು, ಇಷ್ಟೇ ಅಗಲದ ಬಿಲ್ಲೆಯನ್ನು ವಸ್ತುವಿನ ಪಕ್ಕದಲ್ಲಿ ಹಿಡಿದಂತೆ ಚಿತ್ರದಲ್ಲಿ ಕಾಣುತ್ತದೆ. ಹಿನ್ನೆಲೆಯು ವಸ್ತುವಿಗಿಂತ ಎರಡರಷ್ಟು ದೂರದಲ್ಲಿದ್ದರೆ ಬಿಲ್ಲೆಯ ಅಗಲ ಇದರ ಅರ್ಧ. ಆದುದರಿಂದ ಹಿನ್ನೆಲೆಯನ್ನು ಮಸುಕಾಗಿಸಲು ದ್ಯುತಿರಂಧ್ರವನ್ನು ಹಿಗ್ಗಿಸುವುದು, ವಸ್ತುವಿನ ಸಮೀಪಕ್ಕೆ ಹೋಗುವುದು ಹಾಗೂ ವಸ್ತುವನ್ನು ಹಿನ್ನೆಲೆಯಿಂದ ದೂರ ನಿಲ್ಲಿಸುವುದು ಮುಖ್ಯ ವಿಧಾನಗಳಾಗಿವೆ.

ಗುಣಭೇದ

ಅಂಚು ಕರಗಿದಂತಿರುವ ಬಿಲ್ಲೆಗಳು ಹಿತವಾಗಿ ಕಾಣುತ್ತವೆ; ಅಂಚಿನಲ್ಲಿ ಪ್ರಖರ ಉಂಗುರವಿದ್ದರೆ ಹಿನ್ನೆಲೆ ಗಜಿಬಿಜಿಯಾಗುತ್ತದೆ. ಮಸೂರದ ಗೋಳೀಯ ವಿಪಥನವು ಈ ಭೇದಕ್ಕೆ ಪ್ರಮುಖ ಕಾರಣ. ದ್ಯುತಿರಂಧ್ರವನ್ನು ಕುಗ್ಗಿಸಿದಾಗ ಅದರ ಅಲಗುಗಳ ಸಂಖ್ಯೆಗೆ ತಕ್ಕಂತೆ ಬಿಲ್ಲೆಗಳು ಬಹುಭುಜಾಕೃತಿ ತಾಳಬಹುದು. ಪೂರ್ಣ ತೆರೆದಾಗ ಚಿತ್ರದ ಅಂಚಿನಲ್ಲಿ ಅವು ಬೆಕ್ಕಿನ ಕಣ್ಣಿನಂತೆ ನೀಳವಾಗುತ್ತವೆ.

ಕರಾವಳಿಯ ನಿದರ್ಶನಗಳು

ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಸಂಜೆಯ ಬಿಸಿಲಿಗೆ ಎದುರಾಗಿ ತೆಗೆದ ಚಿತ್ರದಲ್ಲಿ ಅಲೆಗಳ ಹೊಳಪು ದುಂಡನೆಯ ಬಿಲ್ಲೆಗಳಾಗುತ್ತದೆ. ತೆಂಗಿನ ಗರಿಗಳ ಎಡೆಯಿಂದ ಇಣುಕುವ ಬೆಳಕು ಮಾತ್ರ ಜೋಡಿಗೆರೆಗಳಾಗಿ ಒಡೆದು ಮುಖದಿಂದ ಗಮನವನ್ನು ಸೆಳೆಯಬಹುದು.

ಬ್ರಹ್ಮಾವರ ತಾಲ್ಲೂಕಿನ ಮಂದಾರ್ತಿ, ಸಾಲಿಗ್ರಾಮ ಮುಂತಾದ ಮೇಳಗಳ ಬಡಗುತಿಟ್ಟು ಯಕ್ಷಗಾನದಲ್ಲಿ ಸಮಸ್ಯೆ ಬೇರೆ. ಭಾಗವತರು ಕುಣಿಯುವ ವೇಷಧಾರಿಯ ಹಿಂದೆಯೇ ಕುಳಿತಿರುತ್ತಾರೆ. ವೇಷಧಾರಿ 6 ಮೀಟರ್, ಭಾಗವತರು 8 ಮೀಟರ್ ದೂರದಲ್ಲಿದ್ದರೆ, 200 ಮಿ.ಮೀ., ಎಫ್ 4ರಲ್ಲಿ ಬಿಲ್ಲೆ ಕೇವಲ 12 ಮಿ.ಮೀ.ನಷ್ಟಿರುತ್ತದೆ, ಮುಖದ ವಿವರ ಅಳಿದರೂ ಭಾಗವತರ ಆಕೃತಿ ಉಳಿಯುತ್ತದೆ. ಮಸುಕು ಇದಕ್ಕಿಂತ ಬಹಳ ಹೆಚ್ಚಿದರೆ ಚಿತ್ರವು ವೇಷಭೂಷಣದ ದಾಖಲೆಯಾಗಿ ಉಳಿಯಬಹುದೇ ಹೊರತು ಆಟದ ದಾಖಲೆಯಾಗದು. ಅದನ್ನು ಯಾವುದೇ ಸ್ಟುಡಿಯೋದಲ್ಲಿ ತೆಗೆದಿರಬಹುದೆಂದು ತೋರುತ್ತದೆ.

ಮೊಬೈಲ್ ಕ್ಯಾಮೆರಾಗಳು

ಮೊಬೈಲ್ ಮಸೂರದ ದ್ಯುತಿರಂಧ್ರವು ಕೆಲವೇ ಮಿಲಿಮೀಟರ್ ಅಗಲವಿರುವುದರಿಂದ ದೃಗ್ವೈಜ್ಞಾನಿಕ ಮಸುಕು ಅಲ್ಪ. 2016ರ ಐಫೋನ್ 7 ಪ್ಲಸ್‌ನಿಂದೀಚೆಗೆ ಜನಪ್ರಿಯವಾದ 'ಪೋರ್ಟ್ರೇಟ್' ವಿಧಾನದಲ್ಲಿ ತಂತ್ರಾಂಶವು ದೂರವನ್ನು ಅಂದಾಜಿಸಿ ಮಸುಕನ್ನು ಸೇರಿಸುತ್ತದೆ. ಕೇದಗೆ ಮುಂದಲೆಯಂತಹ ಸೂಕ್ಷ್ಮ ಅಂಚುಗಳಲ್ಲಿ ಈ ಅಂದಾಜು ತಪ್ಪಿ, ಅಲಂಕಾರದ ಭಾಗವೂ ಹಿನ್ನೆಲೆಯೊಡನೆ ಮಸುಕಾಗುವ ಸಂಭವವಿದೆ.