ಕಲಬುರಗಿಯಿಂದ ಕಮಲಾಪುರ ದಾಟಿ: ಎರಡು ಹಳೆ ರಾಜಧಾನಿಗಳ ನಡುವೆ ಹಳಿ ಬಂದ ಕಥೆ

ಇವತ್ತಿನ ಎಪಿಸೋಡ್ ರೈಲಿನದ್ದು. ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತು ಕೇಳ್ತಾ ಇರೋರು ಬೇಜಾರು ಮಾಡ್ಕೋಬೇಡಿ, ಬಸ್ಸಿನ ವಿಷಯವೂ ಬರುತ್ತೆ.

ರೈಲು ಹುಚ್ಚಿನವರಲ್ಲಿ ಒಂದು ಪಂಗಡ ಇದೆ. ಎಂಜಿನ್ ಫೋಟೋ ತೆಗೆದು ತೃಪ್ತಿ ಆಗೋರಲ್ಲ ಅವರು. ಭಾರತದ ನಕ್ಷೆ ಇಟ್ಟುಕೊಂಡು, ತಾವು ಕೂತು ಪ್ರಯಾಣ ಮಾಡಿದ ಹಳಿಗೆಲ್ಲ ಬಣ್ಣ ಬಳಿಯುತ್ತಾ ಹೋಗ್ತಾರೆ. ನಾನೂ ಆ ಪಂಗಡದವನೇ. ನನ್ನ ನಕ್ಷೆಯಲ್ಲಿ ಸೋಲಾಪುರದಿಂದ ವಾಡಿ, ವಾಡಿಯಿಂದ ರಾಯಚೂರು, ವಾಡಿಯಿಂದ ಸಿಕಂದರಾಬಾದ್ ಎಲ್ಲ ತುಂಬಿತ್ತು. ಬಿಳಿಯಾಗಿ ಉಳಿದಿದ್ದು ಕಲಬುರಗಿಯಿಂದ ಈಶಾನ್ಯಕ್ಕೆ, ಕಮಲಾಪುರ, ಹುಮನಾಬಾದ್ ದಾಟಿ ಬೀದರ್ ಕಡೆ ಹೋಗುವ ಗೆರೆ. ಒಂದು ದಿನ ರಜೆ ಸಿಕ್ತು, ಹೊರಟೆ. ಹುಮನಾಬಾದ್‌ವರೆಗೆ ರೈಲು, ತಿರುಗಿ ಬಸ್ಸಲ್ಲಿ ಕಮಲಾಪುರ, ಅಲ್ಲಿ ಇಳಿದು ಸುತ್ತಾಡಿ ಸಂಜೆಗೆ ಕಲಬುರಗಿ. ಪ್ಲ್ಯಾನ್ ಇಷ್ಟೇ.

ಆದ್ರೆ ಈ ಗೆರೆ ನಕ್ಷೆಗೆ ಬಂದದ್ದೇ 2017ರಲ್ಲಿ. ಯಾಕೆ ಅಷ್ಟು ತಡ? ಅದೇ ಇವತ್ತಿನ ಕಥೆ.

ಮೊದಲು ಸ್ವಲ್ಪ ಹಿಂದಕ್ಕೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ಅದರ ರಾಜಧಾನಿ ಆಯ್ತು. ಕೋಟೆಯೊಳಗಿನ ಜಾಮಿ ಮಸೀದಿ ಆ ಕಾಲದ್ದೇ. ಮುಂದೆ 1420ರ ದಶಕದಲ್ಲಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನ ಬೀದರ್‌ಗೆ ಕೊಂಡೊಯ್ದ. ಇಡೀ ದರ್ಬಾರು, ಸೈನ್ಯ, ಖಜಾನೆ, ಕಸುಬುದಾರರು ಎಲ್ಲ ಕಲಬುರಗಿಯ ಕಪ್ಪು ಬಯಲಿನಿಂದ ಬೀದರ್‌ನ ಕೆಂಪು ಕಲ್ಲಿನ ಎತ್ತರಕ್ಕೆ ಹತ್ತಿದರು. ಅಂದ್ರೆ ಈ ಎರಡು ಊರಿನ ಮಧ್ಯೆ ಜನ ಓಡಾಡೋದು ಆರು ನೂರು ವರ್ಷದ ಹಳೆ ಅಭ್ಯಾಸ. ಒಂದು ಕಡೆ ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ. ಇನ್ನೊಂದು ಕಡೆ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಗುರುನಾನಕ್ ಝೀರಾ. ಮಧ್ಯದಲ್ಲಿ ಹುಮನಾಬಾದ್‌ನಿಂದ ಸ್ವಲ್ಪ ಪಕ್ಕಕ್ಕೆ ಹೊರಳಿದರೆ ಬಸವಕಲ್ಯಾಣ. ಇಂಥ ದಾರಿಗೆ ರೈಲು ಬರಲಿಲ್ಲ ಅಂದ್ರೆ ಕಾರಣ ಹುಡುಕಲೇಬೇಕು.

ಕಲಬುರಗಿಗೆ ರೈಲು ಬಂದಿದ್ದು ಕಲಬುರಗಿಗೋಸ್ಕರ ಅಲ್ಲ. ಬ್ರಿಟಿಷರಿಗೆ ಮುಂಬೈ ಮತ್ತು ಮದ್ರಾಸನ್ನ ಜೋಡಿಸಬೇಕಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮುಂಬೈ ಕಡೆಯಿಂದ ಹಳಿ ಹಾಕುತ್ತಾ ಬಂತು, ಮದ್ರಾಸ್ ರೈಲ್ವೆ ಆ ಕಡೆಯಿಂದ ಬಂತು, 1871ರಲ್ಲಿ ಇಬ್ಬರೂ ರಾಯಚೂರಲ್ಲಿ ಸೇರಿದರು. ಆ ದಾರಿಯಲ್ಲಿ ಕಲಬುರಗಿ ಸಿಕ್ಕಿತು, ಸ್ಟೇಷನ್ ಆಯ್ತು. ಇನ್ನು ಹೈದರಾಬಾದ್ ನಿಜಾಮರ ಸರ್ಕಾರಕ್ಕೆ ತನ್ನ ರಾಜಧಾನಿಯನ್ನ ಈ ಮೇನ್ ಲೈನಿಗೆ ಸೇರಿಸಬೇಕಿತ್ತು. ಹಾಗಾಗಿ 1874ರಲ್ಲಿ ವಾಡಿಯಿಂದ ಸಿಕಂದರಾಬಾದ್‌ಗೆ ಲೈನ್ ಬಂತು. ವಾಡಿ ಜಂಕ್ಷನ್ ಹುಟ್ಟಿದ್ದು ಹಾಗೆ.

ಬೀದರ್ ಇನ್ನೂ ಕಾಯಬೇಕಾಯ್ತು, 1930ರ ಆಸುಪಾಸಿನವರೆಗೂ. ಬಂದ ರೈಲಾದರೂ ಎಲ್ಲಿಂದ? ವಿಕಾರಾಬಾದ್‌ನಿಂದ. ಅಂದ್ರೆ ಹೈದರಾಬಾದ್ ದಿಕ್ಕಿನಿಂದ. ಗಮನಿಸಿ, ಆಗ ಕಲಬುರಗಿ, ಬೀದರ್ ಎರಡೂ ನಿಜಾಮರ ರಾಜ್ಯದ್ದೇ ಜಿಲ್ಲೆಗಳು. ಆಳುವವರಿಗೆ ಎರಡೂ ಊರು ಹೈದರಾಬಾದ್‌ಗೆ ಮುಟ್ಟಿದರೆ ಸಾಕು. ಎರಡೂ ಒಂದಕ್ಕೊಂದು ಮುಟ್ಟಬೇಕು ಅನ್ನೋದು ಯಾರ ಲೆಕ್ಕದಲ್ಲೂ ಇರಲಿಲ್ಲ. ಗಾಡಿಚಕ್ರದ ಕಡ್ಡಿಗಳು ನಡುವಿನ ಗುಂಬಕ್ಕೆ ಸೇರ್ತವೆ, ಪಕ್ಕದ ಕಡ್ಡಿಗೆ ಸೇರೋದಿಲ್ಲ ನೋಡಿ, ಹಂಗೆ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ರಾಜಧಾನಿ ರಾತ್ರೋರಾತ್ರಿ ಬೆಂಗಳೂರಾಯ್ತು. ಹಳಿ ಮಾತ್ರ ಹೈದರಾಬಾದ್ ಕಡೆಯೇ ಮುಖ ಮಾಡಿ ನಿಂತಿತ್ತು. ಬೀದರ್‌ನ ವಿದ್ಯಾರ್ಥಿಗೆ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕೆಲಸ, ರೈಲಲ್ಲೇ ಬರಬೇಕು ಅಂತ ಹಟ ಹಿಡಿದ ಅಂದ್ಕೊಳ್ಳಿ. ಬೀದರ್‌ನಿಂದ ಜಹೀರಾಬಾದ್, ವಿಕಾರಾಬಾದ್, ಅಲ್ಲಿ ಬದಲಿಸಿ ತಾಂಡೂರು, ವಾಡಿ, ಮತ್ತೆ ಬದಲಿಸಿ ಕಲಬುರಗಿ. 200 ಕಿ.ಮೀ. ಮೀರಿದ ಸುತ್ತು. ಪಕ್ಕದ ಜಿಲ್ಲೆಗೆ ಹೋಗಲು ಬೇರೆ ರಾಜ್ಯ ದಾಟಬೇಕು! ಯಾರೂ ಹಾಗೆ ಹೋಗಲಿಲ್ಲ, ಎಲ್ಲರೂ ಬಸ್ ಹತ್ತಿದರು. ಬಸ್ಸಿಗೆ ಈ ಭಾಗ ಎಷ್ಟು ಋಣಿ ಅನ್ನೋದನ್ನ ರೈಲು ಹುಚ್ಚರು ಒಪ್ಪಿಕೊಳ್ಳಲ್ಲ, ನಾನು ಒಪ್ಪಿಕೊಳ್ತೀನಿ.

ಬೀದರ್–ಕಲಬುರಗಿ ಹೊಸ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 1990ರ ದಶಕದ ಕೊನೆಗೆ. ಉದ್ದ ಸುಮಾರು 110 ಕಿ.ಮೀ., ಅಂದಾಜು ವೆಚ್ಚ ಸುಮಾರು 370 ಕೋಟಿ ರೂಪಾಯಿ. ಆಮೇಲೆ ವರ್ಷಕ್ಕೊಂದು ಬಜೆಟ್ ಬಂತು, ಬಜೆಟ್‌ಗಿಷ್ಟು ಚೂರು ಹಣ ಬಂತು, ಚೂರು ಹಣಕ್ಕೆ ಚೂರು ಕೆಲಸ ಆಯ್ತು. ಕೊನೆಗೆ 2017ರ ಅಕ್ಟೋಬರ್ 29ರಂದು ಪ್ರಧಾನಿ ನರೇಂದ್ರ ಮೋದಿ ಬೀದರ್‌ನಲ್ಲಿ ಹಸಿರು ಬಾವುಟ ತೋರಿಸಿದಾಗ ಖರ್ಚು 1,500 ಕೋಟಿ ದಾಟಿತ್ತು. ನಾಲ್ಕು ಪಟ್ಟು. ಒಪ್ಪಿಗೆ ಸಿಕ್ಕ ವರ್ಷ ಹುಟ್ಟಿದ ಮಗು ಅಷ್ಟೊತ್ತಿಗೆ ಡಿಗ್ರಿ ಓದ್ತಾ ಇತ್ತು. ಯಾವ ಪಕ್ಷದ ತಪ್ಪು ಅಂತ ಕೇಳಿದರೆ ಎರಡೂ ಕಡೆಯವರು ಇನ್ನೊಬ್ಬರ ಕಡೆ ಬೆರಳು ತೋರಿಸ್ತಾರೆ. ನನ್ನ ಲೆಕ್ಕದಲ್ಲಿ, ಇಪ್ಪತ್ತು ವರ್ಷ ಅಂದ್ರೆ ಎಲ್ಲರ ಪಾಲೂ ಇದ್ದೇ ಇರುತ್ತೆ.

ಹಣದ ಜೊತೆ ಭೂಮಿಯೂ ಅಡ್ಡ ನಿಂತಿತ್ತು, ಇದನ್ನ ನಾನು ಕಿಟಕಿ ಪಕ್ಕ ಕೂತು ಕಂಡೆ. ಗಾಡಿ ಮುಂಬೈ ಮೇನ್ ಲೈನ್ ಬಿಟ್ಟು ಹೊರಳಿ ತಾಜ್ ಸುಲ್ತಾನಪುರ ದಾಟಿದ ಮೇಲೆ ಎರಡೂ ಕಡೆ ಕಪ್ಪು ಎರೆ ಮಣ್ಣು, ತೊಗರಿ ಹೊಲ. ನೆಲ ಸಪಾಟು. ಕಮಲಾಪುರ ಹತ್ತಿರ ಆಗ್ತಿದ್ದಂಗೆ ಗುಡ್ಡಗಳು ಏಳೋಕೆ ಶುರು. ಭಾರತದ ಸ್ಟೇಷನ್‌ಗಳ ಹಳದಿ ಬೋರ್ಡಲ್ಲಿ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರ್ತಾರೆ, ನೋಡಿದೀರಾ? ನಾನು ಪ್ರತಿ ಸ್ಟೇಷನ್‌ನಲ್ಲಿ ಅದನ್ನ ಓದ್ತಾ ಹೋದೆ. ಕಲಬುರಗಿ ಇರೋದು ಸುಮಾರು 450 ಮೀಟರ್ ಎತ್ತರದಲ್ಲಿ. ಹುಮನಾಬಾದ್, ಬೀದರ್ ಇರುವ ದಿಣ್ಣೆ 600 ಮೀಟರ್‌ಗೂ ಮೇಲೆ. ಬಸ್ಸಾದರೆ ಗೇರ್ ಇಳಿಸಿ ಘಾಟು ಹತ್ತುತ್ತೆ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಹಾಗೆ ಹತ್ತಲ್ಲ, ಜಾರುತ್ತೆ. ಅದಕ್ಕೆ ಏರು ಸಣ್ಣದಿರಬೇಕು. ಏರು ಸಣ್ಣದಾಗಬೇಕಾದ್ರೆ ಒಂದು ಕಡೆ ಮಣ್ಣು ಏರಿಸಬೇಕು, ಇನ್ನೊಂದು ಕಡೆ ಗುಡ್ಡ ಸೀಳಬೇಕು, ಹಳ್ಳಕ್ಕೆಲ್ಲ ಸೇತುವೆ ಕಟ್ಟಬೇಕು.

ಸೀಳಿದರೂ ಸಾಲದ ಕಡೆ ಕೊರೆಯಬೇಕು. ಕಮಲಾಪುರ ಬಿಟ್ಟ ಮೇಲೆ ಮರಗುತ್ತಿ ಹತ್ತಿರ ಒಂದೂವರೆ ಕಿ.ಮೀ. ಮೀರಿದ ಸುರಂಗ ಇದೆ. ಕಲಬುರಗಿ ಜಿಲ್ಲೆಯಲ್ಲಿ ಸುರಂಗ ಅಂದ್ರೆ ಮಲೆನಾಡಿನವರು ನಗಬಹುದು. ಆದ್ರೆ ಗಾಡಿ ಒಳಗೆ ಹೊಕ್ಕಾಗ ಬೋಗಿಯ ಹುಡುಗರೆಲ್ಲ ಒಟ್ಟಿಗೆ ಕೂಗಿದರು, ಒಂದು ಸಣ್ಣ ಕೂಸು ಅಳೋಕೆ ಶುರು ಮಾಡಿತು, ಮೊಬೈಲ್ ಸಿಗ್ನಲ್ ಹೋಯ್ತು. ನಾನು ಬಾಗಿಲ ಹತ್ತಿರದಿಂದ ಸರಿದು ಒಳಗೆ ನಿಂತು ಸದ್ದು ರೆಕಾರ್ಡ್ ಮಾಡ್ಕೊಂಡೆ. ಈ ಎಪಿಸೋಡ್ ಶುರುವಲ್ಲಿ ನೀವು ಕೇಳಿದ್ದು ಅದೇ ಸದ್ದು.

ನನ್ನ ಎದುರು ಸೀಟಲ್ಲಿ ಕಮಲಾಪುರದ ಕಡೆಯ ರೈತ ಕಾಕಾ ಒಬ್ಬರು ಕೂತಿದ್ದರು. ಗಾಡಿ ಇನ್ನೂ ಎರೆ ಬಯಲಲ್ಲಿ ಇದ್ದಾಗ, "ತಮ್ಮಾ, ಬರೀ ಹೊಲದ ಫೋಟೋ ಹೊಡಿಲಾಕತ್ತಿ, ಏನದ ಅದ್ರಾಗ?" ಅಂತ ಕೇಳಿದರು. ನಾನು ಹಳಿ ನೋಡಲಿಕ್ಕೆ ಬಂದೀನಿ ಕಾಕಾ ಅಂದೆ. ಅವರಿಗೆ ನಗು ತಡೆಯಲಿಲ್ಲ. ದಿನಾ ರೈಲಿಗೇ ಬರ್ತೀರೇನ್ರಿ ಅಂತ ಕೇಳಿದ್ದಕ್ಕೆ ಹೇಳಿದ್ದು ಇದು: "ರೊಕ್ಕ ಕಮ್ಮಿ ಆಗ್ತದ, ಖರೇ. ಆದ್ರ ಟ್ರೇನಿನ ಹೊತ್ತಿಗಿ ನಮ್ಮ ಕೆಲಸ ಇಟ್ಕೋಬೇಕು. ಬಸ್ ಹಂಗಲ್ಲ, ನಮ್ಮ ಹೊತ್ತಿಗಿ ಸಿಗ್ತದ."

ಈ ಮಾರ್ಗದ ಸಮಸ್ಯೆಯನ್ನ ಇದಕ್ಕಿಂತ ಚೆನ್ನಾಗಿ ಹೇಳಿದ ವರದಿ ನಾನು ಓದಿಲ್ಲ. ಹಳಿ ಬಂತು, ಆದ್ರೆ ದಿನಕ್ಕೆ ಸಾಕಾಗುವಷ್ಟು ಗಾಡಿ ಬರಲಿಲ್ಲ. ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಇದೆ, ಆಸ್ಪತ್ರೆಗಳಿವೆ, ಕಾಲೇಜುಗಳಿವೆ. ಕಮಲಾಪುರ, ಹುಮನಾಬಾದ್‌ನಿಂದ ಬೆಳಗ್ಗೆ ಬಂದು ಸಂಜೆ ಹೋಗೋರಿಗೆ ಬೇಕಾಗಿರೋದು ಬೆಂಗಳೂರಿನ ಎಕ್ಸ್‌ಪ್ರೆಸ್ ಅಲ್ಲ, ಗಂಟೆ ಎರಡು ಗಂಟೆಗೊಂದು ಸಾದಾ ಪ್ಯಾಸೆಂಜರ್.

ಗಾಡಿ ಜಾಸ್ತಿ ಕೊಡಿ ಅಂತ ಕೇಳೋದಾದ್ರೂ ಯಾರನ್ನ? ಇಲ್ಲಿ ಮತ್ತೆ ಇತಿಹಾಸ ಕಾಲಿಗೆ ತೊಡರುತ್ತೆ. ಕಲಬುರಗಿ ಸ್ಟೇಷನ್ ಇರೋದು ಸೋಲಾಪುರ ವಿಭಾಗದಲ್ಲಿ, ಅದರ ವಲಯ ಸೆಂಟ್ರಲ್ ರೈಲ್ವೆ, ಮುಖ್ಯ ಕಚೇರಿ ಮುಂಬೈ. ಬೀದರ್ ಇರೋದು ಸಿಕಂದರಾಬಾದ್ ವಿಭಾಗದಲ್ಲಿ, ಅದರ ವಲಯ ಸೌತ್ ಸೆಂಟ್ರಲ್. 1871ರ ಬ್ರಿಟಿಷ್ ಕಂಪನಿ ಒಂದು ಕಡೆ, ನಿಜಾಮರ ರೈಲ್ವೆ ಇನ್ನೊಂದು ಕಡೆ. ಬೋರ್ಡಿನ ಹೆಸರು ಬದಲಾಗಿದೆ, ಗೆರೆ ಹೆಚ್ಚುಕಡಿಮೆ ಅಲ್ಲೇ ಇದೆ. ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿ ಇರುವ ನೈಋತ್ಯ ರೈಲ್ವೆಗೆ ಈ ಎರಡೂ ಊರು ಸೇರಲ್ಲ. ಮಲ್ಲಿಕಾರ್ಜುನ ಖರ್ಗೆ 2013–14ರಲ್ಲಿ ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೇ ಪ್ರತ್ಯೇಕ ರೈಲ್ವೆ ವಿಭಾಗ ಘೋಷಣೆ ಆಯ್ತು. ಅದಾದ ಮೇಲೆ ಗುಲಬರ್ಗಾ ಅನ್ನೋ ಹೆಸರು ಅಧಿಕೃತವಾಗಿ ಕಲಬುರಗಿ ಆಯ್ತು, ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯ್ತು. ವಿಭಾಗ ಮಾತ್ರ ಕೆಲಸ ಶುರು ಮಾಡಲಿಲ್ಲ. ಹೆಸರು ಬದಲಿಸೋದು ಸುಲಭ ಅಂತ ಕಾಣುತ್ತೆ.

ಹುಮನಾಬಾದ್‌ನಲ್ಲಿ ಇಳಿದು ಚಹಾ ಕುಡಿದು, ಹೆದ್ದಾರಿ 50ರಲ್ಲಿ ಬಸ್ ಹಿಡಿದೆ. ನಿಜ ಹೇಳಬೇಕಂದ್ರೆ ಸ್ಟ್ಯಾಂಡಲ್ಲಿ ಕಾದದ್ದು ಐದೇ ನಿಮಿಷ. ಕಾಕಾ ಹೇಳಿದ್ದು ಸುಳ್ಳಲ್ಲ.

ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಊರಿಗೆ ಹೆಸರು ತಂದದ್ದು ಕೆಂಪು ಬಾಳೆ. ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆ ಬಣ್ಣ, ಹಣ್ಣು ದಪ್ಪ. ಕಮಲಾಪುರದ ಕೆಂಪು ಬಾಳೆ ಅಂತಲೇ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಟ್ಯಾಗ್ ಸಿಕ್ಕಿದೆ. ಮಾಮೂಲಿ ಬಾಳೆಗಿಂತ ಇದು ಬೆಳೆಯೋಕೆ ಹೆಚ್ಚು ಕಾಲ ತಗೊಳ್ಳುತ್ತೆ, ನೀರು ಬೇಡುತ್ತೆ, ಹಾಗಾಗಿ ಬೆಲೆಯೂ ಜಾಸ್ತಿ, ಬೆಳೆಯೋರೂ ಕಡಿಮೆ. ನಾನು ಅರ್ಧ ಡಜನ್ ತಗೊಂಡೆ, ಮೂರು ಅಲ್ಲೇ ತಿಂದೆ.

ನೀವು ಹೋಗೋದಾದ್ರೆ ಎರಡು ಮಾತು. ಹೊರಡುವ ಮುಂಚೆ ಆ ದಿನದ ಟೈಮ್‌ಟೇಬಲ್ ಆ್ಯಪ್‌ನಲ್ಲಿ ನೋಡ್ಕೊಳ್ಳಿ, ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ತುಂಬಾ ಹೊತ್ತು ಕೂರಬೇಕಾಗುತ್ತೆ. ಸುರಂಗದಲ್ಲಿ ರೀಲ್ಸ್ ಮಾಡ್ತೀನಿ ಅಂತ ಬಾಗಿಲಲ್ಲಿ ನೇತಾಡಬೇಡಿ. ಹುಮನಾಬಾದ್‌ನಿಂದ ಮುಂದೆ ಖಾನಾಪುರದಲ್ಲಿ ಈ ಹಳಿ ಬೀದರ್‌ನ ಹಳೆ ಲೈನಿಗೆ ಸೇರುತ್ತೆ, ನನ್ನ ನಕ್ಷೆಯಲ್ಲಿ ಆ ತುಂಡು ಇನ್ನೂ ಬಿಳಿಯಾಗೇ ಇದೆ. ಮುಂದಿನ ವಾರ ವಾಡಿ ಜಂಕ್ಷನ್ ಕಥೆ ಹೇಳ್ತೀನಿ. ಅಲ್ಲಿ ಸಿಗೋಣ.