ಅನಕ್ಷರಸ್ಥ

ಅನಕ್ಷರಸ್ಥ ಎಂದರೆ ಯಾವ ಭಾಷೆಯಲ್ಲಿಯೂ ಓದಲು ಮತ್ತು ಬರೆಯಲು ಬಾರದ ವ್ಯಕ್ತಿ. ಇದರ ಸ್ತ್ರೀಲಿಂಗ ರೂಪ ಅನಕ್ಷರಸ್ಥೆ, ಭಾವನಾಮ ಅನಕ್ಷರತೆ. ಅಕ್ಷರಸ್ಥ ಮತ್ತು ಸಾಕ್ಷರ ಎಂಬುವು ಇದರ ವಿರುದ್ಧ ಪದಗಳು.

ಪದರಚನೆ

ಇದು ಸಂಸ್ಕೃತ ಮೂಲದ ಪದ. 'ಅಕ್ಷರ' ಶಬ್ದದ ಮೂಲಾರ್ಥ 'ನಾಶವಿಲ್ಲದ್ದು' (ಅ + ಕ್ಷರ). ನಿಷೇಧಾರ್ಥಕ 'ಅ' ಪ್ರತ್ಯಯವು ಸ್ವರದ ಮುಂದೆ 'ಅನ್' ಆಗುವುದರಿಂದ ಅನ್ + ಅಕ್ಷರ = ಅನಕ್ಷರ ಎಂದಾಗುತ್ತದೆ. 'ಸ್ಥ' ಎಂದರೆ 'ಇರುವವನು'. ಗೃಹಸ್ಥ ಪದದಲ್ಲಿರುವುದೂ ಇದೇ.

ಸಮಾನಾರ್ಥಕ ಪದಗಳು

* ನಿರಕ್ಷರಿ: ಇದೇ ಅರ್ಥದ ಗ್ರಾಂಥಿಕ ರೂಪ.
* ನಿರಕ್ಷರಕುಕ್ಷಿ: ಕುಕ್ಷಿ ಎಂದರೆ ಹೊಟ್ಟೆ. ಹೊಟ್ಟೆಯಲ್ಲಿ ಒಂದಕ್ಷರವೂ ಇಲ್ಲದವನು ಎಂಬ ಹೀಯಾಳಿಕೆಯ ಧ್ವನಿಯಿದೆ. 'ಎದೆ ಸೀಳಿದರೆ ನಾಲ್ಕಕ್ಷರವಿಲ್ಲ' ಎಂಬ ಆಡುಮಾತಿನ ಧ್ವನಿಯೂ ಇದೇ.
* ಹೆಬ್ಬೆಟ್ಟು: ಸಹಿಯ ಬದಲು ಹೆಬ್ಬೆರಳಿನ ಗುರುತು ಒತ್ತುವುದರಿಂದ ಬಂದ ಬಳಕೆ. 65ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆನಿಸಿದ 'ಹೆಬ್ಬೆಟ್ ರಾಮಕ್ಕ'ದ ಹೆಸರಿನಲ್ಲಿ ಈ ಅರ್ಥವಿದೆ.

ಕಾನೂನು ಮತ್ತು ಜನಗಣತಿ

1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ, ಹೆಸರು ಬರೆಯಲು ಬಾರದ ವ್ಯಕ್ತಿಯ ವಿಷಯದಲ್ಲಿ 'ಸಹಿ' ಎಂಬುದು ಗುರುತನ್ನೂ ಒಳಗೊಳ್ಳುತ್ತದೆ. ಬರಹದಲ್ಲಿ ಏನಿದೆ ಎಂಬುದನ್ನು ಅನಕ್ಷರಸ್ಥರು ತಾವೇ ಪರಿಶೀಲಿಸಲಾಗದ ಕಾರಣ, ಅದನ್ನು ಓದಿ ವಿವರಿಸಿದ ಬಳಿಕವೇ ಹೆಬ್ಬೆಟ್ಟು ಪಡೆಯಬೇಕಾಗುತ್ತದೆ. ಹೇಳಿಕೆಗಳ ಕೊನೆಯಲ್ಲಿ ಕಾಣುವ 'ಓದಿ ಹೇಳಿ ಕೇಳಲಾಗಿ ಸರಿ ಇದೆ' ಎಂಬ ಒಕ್ಕಣೆಯ ಉದ್ದೇಶವೂ ಇದೇ.

ಭಾರತದ ಜನಗಣತಿಯಲ್ಲಿ, ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನವರು ಸಾಕ್ಷರರು. ಓದಲು ಬಂದು ಬರೆಯಲು ಬಾರದವರು ಸಾಕ್ಷರರಲ್ಲ. ಶಾಲೆಗೆ ಹೋಗಿರಲೇಬೇಕೆಂಬ ನಿಯಮವಿಲ್ಲ. 2011ರಲ್ಲಿ ಕರ್ನಾಟಕದ ಸಾಕ್ಷರತಾ ಪ್ರಮಾಣ ಶೇ. 75.36, ಪುರುಷರಲ್ಲಿ ಶೇ. 82.47, ಮಹಿಳೆಯರಲ್ಲಿ ಶೇ. 68.08.

ಅರ್ಥವ್ಯತ್ಯಾಸ

ಅನಕ್ಷರಸ್ಥ ಎಂಬ ಪದವು ಅಜ್ಞಾನಿ ಎಂಬುದಕ್ಕೆ ಸಮಾನವಲ್ಲ. ಕನ್ನಡ ನಾಡಿನ ಜನರು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂದು 9ನೇ ಶತಮಾನದ 'ಕವಿರಾಜಮಾರ್ಗ' ಹೇಳುತ್ತದೆ. ಜನಪದ ಗೀತೆ, ಲಾವಣಿ, ಗಾದೆ ಮತ್ತು ಒಗಟುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಅಕ್ಷರ ಕಲಿಯದವರೇ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದ ತುಳಸಿ ಗೌಡ ಅವರು ಕಾಡುಗಿಡಗಳ ಕುರಿತ ಅಪಾರ ತಿಳಿವಳಿಕೆಗೆ ಹೆಸರಾಗಿದ್ದರು. ಶಾಲಾ ಶಿಕ್ಷಣ ದೊರೆಯದ ಕಿತ್ತಳೆ ವ್ಯಾಪಾರಿ ಹರೇಕಳ ಹಾಜಬ್ಬ ಅವರು ತಮ್ಮ ಊರಿನಲ್ಲಿ ಶಾಲೆ ಆರಂಭವಾಗಲು ಕಾರಣರಾದರು. ಇಬ್ಬರಿಗೂ 2020ರ ಪದ್ಮಶ್ರೀ ಪ್ರಶಸ್ತಿ ಸಂದಿದೆ.